ಉಡುಪಿಯ ‘ಪರ್ಯಾಯ’ಕ್ಕೂ ನಮ್ಮ ‘ಪರ್ಯಾಯ’ಕ್ಕೂ ಅರ್ಥ ಬೇರೆಯಾದದ್ದು ಹೇಗೆ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಈಚೆಗೆ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಹೋಗಿದ್ದೆ. ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ ಬಂದು ರಥಬೀದಿಯ ಜಗಲಿಯೊಂದರ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸೊಬ್ಬರು ಜೊತೆಯವರಿಗೆ ಹೇಳುತ್ತಿದ್ದರು: “ಮಗಳ ಮದುವೆ ಆದದ್ದು ಕೃಷ್ಣಾಪುರ ಪರ್ಯಾಯದಲ್ಲಿ. ಅದಮಾರು ಪರ್ಯಾಯದಲ್ಲಿ ಕೊರೊನಾ ಅಲ್ವಾ, ಮಾಡ್ಲಿಕ್ಕೆ ಆಗ್ಲಿಲ್ಲ.” ಇಸವಿಯ ಸುದ್ದಿಯೇ ಇಲ್ಲ. ಅಮ್ಮ ನನ್ನ ಕಿವಿಯಲ್ಲಿ ಕೇಳಿದರು: “ಪರ್ಯಾಯ ಅಂದ್ರೆ ಬದಲಿ ಅಲ್ವೇನೋ? ಯಾರಿಗೆ ಬದಲಿ?”

ಅಮ್ಮನ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಉಡುಪಿಯಲ್ಲಿ ಪರ್ಯಾಯವೆಂದರೆ ಸರದಿ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ: ಈ ಎಂಟು ಮಠಗಳು ಇದೇ ಕ್ರಮದಲ್ಲಿ ಕೃಷ್ಣಪೂಜೆಯ ಹೊಣೆ ಹೊರುತ್ತವೆ. ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಹಿಗ್ಗಿಸಿದವರು ಸೋದೆ ಮಠದ ಯತಿ ವಾದಿರಾಜರು. ಹಾಗಾಗಿ ಒಂದು ಸುತ್ತು ಮುಗಿಯಲು 16 ವರ್ಷ ಬೇಕು. 2020ರ ಜನವರಿ 18ಕ್ಕೆ ಅದಮಾರಿನ ಸರದಿ ಬಂತು, 2022ಕ್ಕೆ ಕೃಷ್ಣಾಪುರದ್ದು. ಆ ತಾಯಿಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಈ ಒಂದೇ ಪದ ಎಷ್ಟು ಕೆಲಸ ಮಾಡುತ್ತದೆ ಎಂಬುದು. ‘ಪರ್ಯಾಯಕ್ಕೆ ಹೋಗಿದ್ದೆ’ ಎಂದರೆ ಜೋಡುಕಟ್ಟೆಯಿಂದ ಬೆಳಗಿನ ಜಾವ ಹೊರಡುವ ಮೆರವಣಿಗೆ, ಆ ಹಬ್ಬ. ‘ಈಗ ಯಾರ ಪರ್ಯಾಯ?’ ಎಂದರೆ ಅಧಿಕಾರ. ‘ಆ ಪರ್ಯಾಯದಲ್ಲಿ’ ಎಂದರೆ ಎರಡು ವರ್ಷದ ಕಾಲಾವಧಿ. ಅರಸರ ಆಳ್ವಿಕೆಯಿಂದ ಕಾಲವನ್ನು ಗುರುತಿಸುವುದು ಶಾಸನಗಳಲ್ಲಿ ಕಾಣುತ್ತದೆ. ಇಲ್ಲಿ ಹೂ ಕಟ್ಟುವವರ ಬಾಯಲ್ಲಿ ಅದೇ ಬಗೆಯ ಎಣಿಕೆ ಜೀವಂತವಾಗಿದೆ. ಯಾವ ನಿಘಂಟಾದರೂ ಈ ಅರ್ಥವನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಂಸ್ಕೃತದ ಮೂಲವೂ ಉಡುಪಿಯ ಕಡೆಗೇ ಇದೆ. ಪಾಣಿನಿಯ ‘ಪರಾವನುಪಾತ್ಯಯ ಇಣಃ’ ಸೂತ್ರ ಈ ಪದವನ್ನು ಸಾಧಿಸುವುದು ಕ್ರಮ ತಪ್ಪದೆ ಬರುವುದು ಎಂಬ ಅರ್ಥದಲ್ಲಿ. ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶವೂ ಪರ್ಯಾಯಕ್ಕೆ ‘ಅವಸರ’ (ಎಂದರೆ ತಕ್ಕ ಸಮಯ), ‘ಕ್ರಮ’ ಎಂಬ ಅರ್ಥ ಕೊಡುತ್ತದೆ. (ಅವಸರವೂ ನಮ್ಮಲ್ಲಿ ಆತುರವಾಗಿಬಿಟ್ಟಿದೆ. ಆದರೆ ಕೃಷ್ಣಮಠದಲ್ಲಿ ಮಹಾಪೂಜೆಗೆ ಮೊದಲು ನಡೆಯುವ ‘ಅವಸರ ಸನಕಾದಿ ಪೂಜೆ’ಯಲ್ಲಿ ಆತುರದ ಸೋಂಕಿಲ್ಲ.)

ಹಾಗಾದರೆ ‘ಪರ್ಯಾಯ ಮಾರ್ಗ’, ‘ಪರ್ಯಾಯ ವ್ಯವಸ್ಥೆ’ ಎನ್ನುವಾಗಿನ ‘ಬದಲಿ’ ಎಲ್ಲಿಂದ ಬಂತು? ನನ್ನ ಊಹೆ ಇದು: ಸಮಾನಾರ್ಥಕ ಪದಗಳಿಗೆ ‘ಪರ್ಯಾಯ ಪದ’ ಎನ್ನುತ್ತೇವೆ. ಒಂದರ ಸ್ಥಾನಕ್ಕೆ ಇನ್ನೊಂದು ಸರದಿಯಲ್ಲಿ ಬರುವ ಪದಗಳು ಅವು. ಆ ಬಳಕೆಯಲ್ಲಿ ಸರದಿ ಮರೆಯಾಗಿ ‘ಇನ್ನೊಂದರ ಸ್ಥಾನಕ್ಕೆ’ ಎಂಬುದಷ್ಟೇ ಉಳಿದುಕೊಂಡಿರಬೇಕು. ಮೂಲದಲ್ಲಿ ಒಬ್ಬರಾದ ಮೇಲೆ ಒಬ್ಬರು, ಈಗ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು. ಎರಡಕ್ಕೂ ಅಜಗಜಾಂತರ.

ಶಾಲೆಯಲ್ಲಿ ಕಲಿತ ‘ಪರ್ಯಾಯ ದ್ವೀಪ’ ಇನ್ನೂ ಗೋಜಲು. ಮೂರು ಕಡೆ ನೀರಿರುವ ನೆಲಕ್ಕೆ ಸರದಿಯೂ ಹೊಂದದು, ಬದಲಿಯೂ ಹೊಂದದು. ಹಿಂದಿಯಲ್ಲಿ ‘ಪ್ರಾಯದ್ವೀಪ’ ಎನ್ನುತ್ತಾರೆ, ಹೆಚ್ಚುಕಡಿಮೆ ದ್ವೀಪ ಎಂದು. ನಮ್ಮದು ಅದರ ಅಪಭ್ರಂಶವೋ, ‘ಸುತ್ತುವರಿ’ ಎಂಬ ಅರ್ಥದಿಂದ ಬೇರೆಯಾಗಿಯೇ ಹುಟ್ಟಿತೋ?

ಇದರ ಜೊತೆಗೇ ‘ಮುಹೂರ್ತ’ದ ಬಗ್ಗೆಯೂ ಕೇಳಿಬಿಡುತ್ತೇನೆ. ಪರ್ಯಾಯಕ್ಕೆ ಮೊದಲು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ನಾಲ್ಕು ನಡೆಯುತ್ತವೆ. ಎರಡು ವರ್ಷದ ಅನ್ನದಾನಕ್ಕೆ ಎಲೆ, ಅಕ್ಕಿ, ಸೌದೆ ಕೂಡಿಡುವ ಮೊದಲ ಹೆಜ್ಜೆಗಳು. ಮಧ್ವ ಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿರುತ್ತಾರೆ. ಸೀಳಿದ ತುಂಡುಗಳನ್ನು ಒಂದರ ಮೇಲೊಂದು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದರೆಂದರೆ, ಅಮ್ಮ ಕೈಮುಗಿದೇ ಮುಂದೆ ಹೋದರು. 48 ನಿಮಿಷದ ಕಾಲಮಾನದ ಹೆಸರು ಇಲ್ಲಿ ‘ಶುರು ಮಾಡುವುದು’ ಎಂಬ ಕೆಲಸದ ಹೆಸರಾಗಿದೆ. ಪರ್ಯಾಯದಲ್ಲಿ ಕೆಲಸದ ಹೆಸರು ಕಾಲದ ಹೆಸರಾಯಿತು. ಮುಹೂರ್ತದಲ್ಲಿ ಅದರ ತಿರುವುಮುರುವು.

ತಿಳಿದವರು ದಯವಿಟ್ಟು ಹೇಳಿ: ‘ಬದಲಿ’ ಅರ್ಥದ ಪರ್ಯಾಯ ಹಳೆಯ ಕನ್ನಡ ಬರಹದಲ್ಲಿ ಎಲ್ಲಾದರೂ ಕಂಡಿದೆಯೇ, ಅಥವಾ ಪತ್ರಿಕೆಗಳ ಕಾಲದ್ದೇ? ನಿಮ್ಮೂರಿನ ದೇವಸ್ಥಾನದಲ್ಲಿ ಅರ್ಚಕರ ಸರದಿಗೆ ಏನನ್ನುತ್ತಾರೆ? ಪಾಳಿ, ಸರತಿ, ಬೇರೇನಾದರೂ? ಆ ಪದವೂ ಕಾಲ ಎಣಿಸಲು ಬಳಕೆಯಾಗುತ್ತದೆಯೇ? ಆಡುಮಾತಿನ ಒಂದು ವಾಕ್ಯ ಬರೆದು ತೋರಿಸಿದರೂ ಸಾಕು, ಅಮ್ಮನಿಗೆ ಓದಿ ಹೇಳುತ್ತೇನೆ.