ಭಾವ ಕಳಿಸಿದ ಸಲಹೆಗಳ ಪಟ್ಟಿ ಮತ್ತು ಮಕ್ಕಳ ಆಧಾರ್ ಸಂಖ್ಯೆ

ನಮ್ಮದು ಮೇಷ್ಟರ ಮನೆತನ. ಚಿಕ್ಕಪ್ಪ ನಿವೃತ್ತ ಮುಖ್ಯೋಪಾಧ್ಯಾಯರು, ಅಕ್ಕ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ, ಭಾವ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಅತ್ತಿಗೆ ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿಕಲಿ ತರಗತಿ ನೋಡಿಕೊಳ್ಳುತ್ತಾರೆ. ನಾನು ಅನುದಾನಿತ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಅತ್ತಿಗೆಯ ಮಗ ಪುಟ್ಟ ಮಾತ್ರ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಭಾನುವಾರ ಸಂಜೆ ಮನೆಯ ಗುಂಪಿನಲ್ಲಿ ನಡೆದ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಪಡೆದು ಹಂಚಿಕೊಳ್ಳುತ್ತಿದ್ದೇನೆ. ಇದೇ ಪಟ್ಟಿ ಬೇರೆ ಶಾಲೆಗಳ ಗುಂಪುಗಳಲ್ಲಿಯೂ ಸುತ್ತುತ್ತಿದೆ.

ಭಾವ: (ಫಾರ್ವರ್ಡ್ ಆದ ಸಂದೇಶ) ಶಿಕ್ಷಕ ಬಂಧುಗಳ ಗಮನಕ್ಕೆ! ಕೆಲಸ ಹಗುರ ಮಾಡುವ ಮೊಬೈಲ್ ಸಲಹೆಗಳು. ಒಂದು, ಪಾಠ ಟಿಪ್ಪಣಿಗೆ ಧ್ವನಿ ಟೈಪಿಂಗ್ ಬಳಸಿ. ಎರಡು, ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ ವಿಡಿಯೊ ತೋರಿಸಿ. ಮೂರು, ಮಕ್ಕಳ ಹೆಸರು, ಜಾತಿ, ಆಧಾರ್, ಬ್ಯಾಂಕ್ ಖಾತೆ ಎಲ್ಲವನ್ನೂ ಒಂದೇ ಗೂಗಲ್ ಶೀಟ್‌ನಲ್ಲಿ ಹಾಕಿ, ‘ಲಿಂಕ್ ಇರುವ ಯಾರಾದರೂ ತಿದ್ದಬಹುದು’ ಎಂದು ಮಾಡಿ ಗುಂಪಿಗೆ ಕಳಿಸಿ. ಅರ್ಧ ಗಂಟೆಯಲ್ಲಿ ಮಾಹಿತಿ ಸಿದ್ಧ. ನಾಲ್ಕು, ನುಡಿ ತಂತ್ರಾಂಶದ ಅಕ್ಷರಗಳಲ್ಲಿರುವ ಪ್ರಶ್ನೆಪತ್ರಿಕೆಯನ್ನು ಮೊಬೈಲ್‌ನಲ್ಲಿಯೂ ಓದಬಹುದಾದ ಯುನಿಕೋಡ್‌ಗೆ ಬದಲಿಸಲು ಜೊತೆಗಿರುವ ಎಪಿಕೆ (ಆ್ಯಪ್ ಕಡತ) ಹಾಕಿಕೊಳ್ಳಿ. ಎಲ್ಲ ಶಿಕ್ಷಕರಿಗೂ ತಲುಪಿಸಿ.

ಅತ್ತಿಗೆ: ಮೊದಲನೆಯದು ನಿಜಕ್ಕೂ ಒಳ್ಳೆಯದು, ಭಾವ. ನಾನು ಕೀಲಿಮಣೆಯಲ್ಲಿ ಕನ್ನಡ ಆರಿಸಿಕೊಂಡು, ಮೈಕ್ ಗುರುತು ಒತ್ತಿ ಹೇಳಿಬಿಡುತ್ತೇನೆ. ಊರಿನ ಹೆಸರು, ಮಕ್ಕಳ ಹೆಸರು ತಪ್ಪುತ್ತವೆ, ಆಮೇಲೆ ತಿದ್ದಬೇಕು. ಆದರೂ ಕೈಬರಹಕ್ಕಿಂತ ಬೇಗ. ದೀಕ್ಷಾ ವಿಡಿಯೊವನ್ನು ಮಾತ್ರ ಮನೆಯಲ್ಲಿಯೇ ಡೌನ್‌ಲೋಡ್ ಮಾಡಿ ಒಯ್ಯಬೇಕು. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು.

ನಾನು: ಭಾವ, ಮೂರನೆಯ ಸಲಹೆಯನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಮಕ್ಕಳ ಆಧಾರ್, ಜಾತಿ, ಖಾತೆ ಸಂಖ್ಯೆ ಇರುವ ಹಾಳೆಯನ್ನು ಲಿಂಕ್ ಸಿಕ್ಕವರಿಗೆಲ್ಲ ತೆರೆದಿಡುವುದೆಂದರೆ ಏನು? ಗುಂಪಿನಿಂದ ಒಬ್ಬರು ಇನ್ನೊಂದು ಗುಂಪಿಗೆ ಕಳಿಸಿದರೆ ಮುಗಿಯಿತು.

ಭಾವ: ನಮ್ಮ ಶಾಲೆಯ ಗುಂಪಿಗೆ ಆಗಲೇ ಕಳಿಸಿಯಾಗಿದೆ. ಶೀಟ್ ಕೂಡ ತೆರೆದಿದ್ದೇನೆ. ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಅಧಿಕಾರಿಗಳಿಗೆ ಎಲ್ಲ ತರಗತಿಗಳ ಮಕ್ಕಳ ಪಟ್ಟಿ ಕೊಡಬೇಕು. ಹಳ್ಳಿ ಮಕ್ಕಳ ವಿವರ ಕದ್ದು ಯಾರಿಗೆ ಏನಾಗಬೇಕಿದೆ? ಪೋಷಕರೇ ಸಿಮ್ ಅಂಗಡಿಯಿಂದ ಹಿಡಿದು ಸಾಲದ ಸಂಘದವರೆಗೆ ಆಧಾರ್ ಜೆರಾಕ್ಸ್ ಹಂಚಿದ್ದಾರೆ.

ನಾನು: ಅವರು ಕೊಟ್ಟಿರುವುದು ತಮ್ಮದನ್ನು, ತಿಳಿದು ಕೊಟ್ಟಿರುವುದು. ಇಲ್ಲಿ ಇಡೀ ಶಾಲೆಯ ಮಕ್ಕಳದ್ದನ್ನು ನಾವು ಅವರನ್ನು ಕೇಳದೆ ಕೊಡುತ್ತಿದ್ದೇವೆ. ಕದ್ದವರು ಏನು ಮಾಡುತ್ತಾರೆ ಎಂದಿರಿ. ಒಬ್ಬ ತಾಯಿಗೆ ಕರೆ ಬರುತ್ತದೆ ಎಂದುಕೊಳ್ಳಿ. ಮಗಳ ಹೆಸರು, ತರಗತಿ, ತಂದೆಯ ಹೆಸರು, ಖಾತೆಯ ಕೊನೆಯ ಅಂಕಿಗಳನ್ನು ಸರಿಯಾಗಿ ಹೇಳಿ, ‘ವಿದ್ಯಾರ್ಥಿವೇತನ ಮಂಜೂರಾಗಿದೆ, ಬಂದಿರುವ ಒಟಿಪಿ ಹೇಳಿ’ ಎನ್ನುತ್ತಾರೆ. ಅಷ್ಟೆಲ್ಲ ಗೊತ್ತಿರುವವರು ಶಾಲೆಯವರೇ ಇರಬೇಕು ಎಂದು ಆಕೆ ನಂಬದೆ ಇರುತ್ತಾಳೆಯೇ?

ಅಕ್ಕ: ನೀನು ಹೇಳುವುದು ಸರಿ ಕಣೇ. ಆದರೆ ನಿನಗೆ ಕಚೇರಿ ಇದೆ, ಕಂಪ್ಯೂಟರ್ ಇದೆ, ಅದೇ ನಿನ್ನ ಕೆಲಸ. ನಮ್ಮಲ್ಲಿ ಗುಮಾಸ್ತರೇ ಇಲ್ಲ. ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ ಬರೆದು, ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶ ಸ್ಯಾಟ್ಸ್‌ಗೆ ಹಾಜರಿ ತುಂಬಿ, ನಡುವೆ ಪಾಠ ಮಾಡಬೇಕು. ಮಧ್ಯಾಹ್ನ ಮೂರಕ್ಕೆ ಸಂದೇಶ ಬರುತ್ತದೆ, ಐದಕ್ಕೆ ಮಾಹಿತಿ ಬೇಕು ಎನ್ನುತ್ತಾರೆ. ಎಲ್ಲರೂ ಒಂದೇ ಹಾಳೆಯಲ್ಲಿ ತುಂಬಿದರೆ ಪ್ರಾಣ ಉಳಿಯುತ್ತದೆ.

ಭಾವ: ಅದನ್ನೇ ನಾನು ಹೇಳುತ್ತಿರುವುದು. ನಿಯಮ ಹೇಳುವವರು ಸಮಯವನ್ನೂ ಕೊಡಲಿ.

ನಾನು: ಮೂರಕ್ಕೆ ಕೇಳಿ ಐದಕ್ಕೆ ಬೇಕು ಎನ್ನುವುದು ಅನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಅನ್ಯಾಯದ ಬೆಲೆಯನ್ನು ಮಕ್ಕಳು ತೆರಬಾರದು. ಇನ್ನೊಂದು ಮಾತು, ಆ ವಿಧಾನದಲ್ಲಿ ಸಮಯವೂ ಉಳಿಯುವುದಿಲ್ಲ. ಈಗಲೇ ನಿಮ್ಮ ಶೀಟ್ ತೆರೆದು ಮೇಲೆ ಬಲಗಡೆ ನೋಡಿ, ಭಾವ. ಯಾರ್‍ಯಾರು ಕಾಣುತ್ತಿದ್ದಾರೆ?

ಭಾವ: ಇಬ್ಬರು ಶಿಕ್ಷಕರ ಫೋಟೊ ಇದೆ. ಜೊತೆಗೆ ಒಂದು ಒಂಟೆ, ಒಂದು ನರಿ. ಇದೇನು?

ಪುಟ್ಟ: ಮಾವ, ಖಾತೆಗೆ ಲಾಗಿನ್ ಆಗದೆ ಲಿಂಕ್ ಒತ್ತಿ ಬಂದವರು, ಅಥವಾ ನೀವು ಹೆಸರು ಹಿಡಿದು ಆಹ್ವಾನಿಸದೆ ಇರುವವರು. ಗೂಗಲ್ ಅವರಿಗೆ ಅನಾಮಿಕ ಪ್ರಾಣಿಗಳ ಚಿತ್ರ ಕೊಡುತ್ತದೆ. ನಿಮ್ಮ ಸಹೋದ್ಯೋಗಿಗಳೇ ಇರಬಹುದು, ಬೇರೆಯವರೂ ಇರಬಹುದು. ನಿಮಗೆ ತಿಳಿಯುವುದಿಲ್ಲ, ಅದೇ ತೊಂದರೆ. ಅವರು ಕಡತವನ್ನು ಇಳಿಸಿಕೊಂಡರೂ ತಿಳಿಯುವುದಿಲ್ಲ. ನಾಳೆ ನೀವು ಲಿಂಕ್ ಮುಚ್ಚಿದರೂ ಇಳಿಸಿಕೊಂಡ ಪ್ರತಿ ಅವರ ಬಳಿಯೇ ಇರುತ್ತದೆ.

ಚಿಕ್ಕಪ್ಪ: ನಾನು ಸೇವೆಯಲ್ಲಿದ್ದಾಗ ದಾಖಲಾತಿ ವಹಿ ಬೀರುವಿನಲ್ಲಿರುತ್ತಿತ್ತು, ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಊರಿನ ಪ್ರಮುಖರು ಬಂದು ಕೇಳಿದರೂ ಅರ್ಜಿ ಇಲ್ಲದೆ ಒಂದು ಜನ್ಮದಿನಾಂಕ ತೋರಿಸಿದವನಲ್ಲ. ಅಳಿಯಂದಿರೇ, ಮಗು ಹೇಳುವುದನ್ನು ಕೇಳಿ.

ಭಾವ: ಚಿಕ್ಕಪ್ಪ, ಆಗ ಇಷ್ಟು ಮಾಹಿತಿಯನ್ನು ಯಾರು ಕೇಳುತ್ತಿದ್ದರು? ಬೀರು ಒಂದೇ ಇತ್ತು, ಬೀಗವೂ ಒಂದೇ.

ನಾನು: ತಿದ್ದುವ ಅಧಿಕಾರ ಎಲ್ಲರಿಗೂ ಇದ್ದರೆ ಏನಾಗುತ್ತದೆ ಎಂಬುದನ್ನೂ ಕೇಳಿ. ಪರಿಚಯದ ಶಾಲೆಯೊಂದರಲ್ಲಿ ಒಬ್ಬ ಶಿಕ್ಷಕರು ಹೆಸರುಗಳು ಅಕಾರಾದಿಯಾಗಿರಲಿ ಎಂದು ಹೆಸರಿನ ಕಂಬವನ್ನು (ಕಾಲಂ) ಮಾತ್ರ ಆರಿಸಿ ವಿಂಗಡಿಸಿದರು. ಹೆಸರುಗಳು ಸ್ಥಳ ಬದಲಿಸಿದವು, ಜಾತಿ ಮತ್ತು ಖಾತೆ ಸಂಖ್ಯೆ ಇದ್ದಲ್ಲಿಯೇ ಉಳಿದವು. ಒಬ್ಬಳ ಹೆಸರಿನ ಮುಂದೆ ಇನ್ನೊಬ್ಬನ ಖಾತೆ. ನೋಡಿದರೆ ಹಾಳೆ ಅಚ್ಚುಕಟ್ಟಾಗಿದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕೊನೆಗೆ ‘ಆವೃತ್ತಿ ಇತಿಹಾಸ’ಕ್ಕೆ ಹೋಗಿ ಹಿಂದಿನ ದಿನದ ಪ್ರತಿಯನ್ನು ಮರಳಿ ತಂದರು, ನಡುವೆ ತುಂಬಿದ್ದೆಲ್ಲ ಹೋಯಿತು.

ಅತ್ತಿಗೆ: ಅಯ್ಯೋ, ಆ ಇತಿಹಾಸ ಎಲ್ಲಿ ಸಿಗುತ್ತದೆ? ಇಷ್ಟು ದಿನ ಗೊತ್ತೇ ಇರಲಿಲ್ಲ.

ನಾನು: ಕಂಪ್ಯೂಟರ್‌ನಲ್ಲಿ ಫೈಲ್ ಮೆನುವಿನಲ್ಲಿದೆ, ಅತ್ತಿಗೆ. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೂ ತೋರಿಸುತ್ತದೆ. ಅನಾಮಿಕರ ಹೆಸರನ್ನು ಮಾತ್ರ ತೋರಿಸಲಾರದು.

ಖಾತೆ ಸಂಖ್ಯೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಇದು ಪಟ್ಟಿಯಲ್ಲಿ ಇರಬೇಕಾಗಿದ್ದ ಸಲಹೆ. ಮಳೆಯಿಂದ ನಮ್ಮ ಶಾಲೆಯ ಪ್ರವಾಸ ರದ್ದಾದಾಗ ಪೋಷಕರಿಗೆ ಮುಂಗಡ ಹಿಂತಿರುಗಿಸಲು ಖಾತೆ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ತುಂಬಿಸಿದರು. ಪಾಸ್‌ಬುಕ್‌ಗಳ ಪಕ್ಕ ಇಟ್ಟು ಒಂದೊಂದನ್ನೇ ತಾಳೆ ನೋಡಿದೆ. ಹದಿನಾರು ಅಂಕಿಯ ಖಾತೆಗಳ ಕೊನೆಯ ಅಂಕಿ ಎಲ್ಲದರಲ್ಲಿಯೂ ಸೊನ್ನೆಯಾಗಿತ್ತು. ಎಕ್ಸೆಲ್ ಸಂಖ್ಯೆಯಲ್ಲಿ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ನಂತರದ್ದನ್ನು ಸೊನ್ನೆ ಮಾಡುತ್ತದೆ. ಸೊನ್ನೆಯಿಂದ ಆರಂಭವಾಗುವ ಖಾತೆಯಾದರೆ ಮೊದಲ ಸೊನ್ನೆಗಳೇ ಹಾರಿಹೋಗುತ್ತವೆ. ಹನ್ನೆರಡು ಅಂಕಿಯ ಆಧಾರ್ ನಡುವೆ ಚುಕ್ಕೆ ಮತ್ತು ಇಂಗ್ಲಿಷಿನ ‘ಇ’ ಸೇರಿಕೊಂಡು ವಿಚಿತ್ರವಾಗಿ ಕಾಣುತ್ತದೆ. ಆದ್ದರಿಂದ ತುಂಬುವ ಮೊದಲೇ ಆ ಕಂಬವನ್ನು ಆರಿಸಿ ‘ಟೆಕ್ಸ್ಟ್’ ಎಂದು ಬದಲಿಸಬೇಕು. ತುಂಬಿದ ನಂತರ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ.

ಅಕ್ಕ: ನಮ್ಮ ಕ್ಲಸ್ಟರ್‌ನ (ಸುತ್ತಲಿನ ಶಾಲೆಗಳ ಗುಂಪಿನ) ಶೀಟ್‌ನಲ್ಲಿ ಆಧಾರ್ ಕಂಬ ಹಾಗೆಯೇ ಕಾಣುತ್ತಿತ್ತು! ವೈರಸ್ ಎಂದುಕೊಂಡಿದ್ದೆವು.

ಚಿಕ್ಕಪ್ಪ: ನಾಲ್ಕನೆಯದನ್ನು ನೋಡುತ್ತಿದ್ದೇನೆ. ನನ್ನ ಹಳೆಯ ಲೇಖನಗಳೆಲ್ಲ ನುಡಿಯಲ್ಲಿವೆ, ಉಪಯೋಗವಾಗಬಹುದು. ಅನುಸ್ಥಾಪಿಸಿ ಎಂದು ಒತ್ತಿದೆ. ಈಗ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತಿದೆ. ಕೊಡಲೇ?

ನಾನು: ಬೇಡ ಚಿಕ್ಕಪ್ಪ! ಏನನ್ನೂ ಒತ್ತಬೇಡಿ!

ಪುಟ್ಟ: ಚಿಕ್ಕಜ್ಜ, ಮೊದಲು ಏರೋಪ್ಲೇನ್ ಮೋಡ್ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ ಅದನ್ನು ತೆಗೆದುಹಾಕಿ. ಅಕ್ಷರ ಬದಲಿಸುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಏಕೆ ಬೇಕು? ಬ್ಯಾಂಕಿನ ಒಟಿಪಿ ಅಲ್ಲಿಗೇ ಬರುತ್ತದೆ. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆಗಳೂ ಇದೇ ಜಾತಿಯವು.

ಅತ್ತಿಗೆ: ಪಿಂಚಣಿ ಖಾತೆ ಅದೇ ನಂಬರಿಗೆ ಜೋಡಣೆಯಾಗಿದೆ. ಪುಟ್ಟ, ನೀನು ಚಿಕ್ಕಮ್ಮನ ಫೋನಿಗೆ ಕರೆ ಮಾಡಿ ಹೇಳು.

ಪುಟ್ಟ: ಮಾಡಿದೆ, ಅಮ್ಮ. ಅನುಮತಿ ಕೊಟ್ಟಿರಲಿಲ್ಲ. ಆ್ಯಪ್ ತೆಗೆಸಿದೆ, ಬ್ಯಾಂಕಿಗೂ ತಿಳಿಸಲು ಹೇಳಿದ್ದೇನೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಎಲ್ಲರೂ ಆ ಸಂಖ್ಯೆಯನ್ನು ಉಳಿಸಿಕೊಳ್ಳಿ.

ಭಾವ: ಎಪಿಕೆಯನ್ನು ಇಲ್ಲಿಂದ ಅಳಿಸಿದೆ. ಶಾಲೆಯ ಗುಂಪಿನಲ್ಲಿಯೂ ಅಳಿಸಿ, ಯಾರೂ ಹಾಕಿಕೊಳ್ಳಬೇಡಿ ಎಂದು ಬರೆದಿದ್ದೇನೆ.

ನಾನು: ಒಳ್ಳೆಯದಾಯಿತು. ನುಡಿಯಿಂದ ಯುನಿಕೋಡ್‌ಗೆ ಬದಲಿಸಲು ಹೊರಗಿನ ಆ್ಯಪ್ ಬೇಕಾಗಿಯೇ ಇಲ್ಲ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆಯಲ್ಲಿಯೇ ಪರಿವರ್ತಕ ಬರುತ್ತದೆ. ಅಪರಿಚಿತ ಜಾಲತಾಣಕ್ಕೆ ಪ್ರಶ್ನೆಪತ್ರಿಕೆಯನ್ನು ಅಂಟಿಸುವುದೂ ಬೇಡ, ಪರೀಕ್ಷೆಗೆ ಮೊದಲೇ ಅದು ಇನ್ನೊಬ್ಬರ ಕಂಪ್ಯೂಟರ್ ಸೇರುತ್ತದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳು ಕೆಟ್ಟಿರಬಹುದು, ಒಮ್ಮೆ ಓದಿ ನೋಡಿ, ಚಿಕ್ಕಪ್ಪ.

ಭಾವ: ಸರಿ. ಶೀಟಿನ ವಿಷಯಕ್ಕೆ ಬರೋಣ. ನಾಳೆ ಹನ್ನೊಂದಕ್ಕೆ ನಾನು ಏನು ಕೊಡಲಿ? ಅದನ್ನು ಹೇಳು.

ನಾನು: ಮೊದಲು ಶೀಟಿನಲ್ಲಿ ‘ಹಂಚು’ ಒತ್ತಿ, ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ‘ನಿರ್ಬಂಧಿತ’ ಎಂದು ಬದಲಿಸಿ. ಆ ಒಂಟೆ, ನರಿ ಹೊರಗೆ ಹೋಗುತ್ತವೆ. ಆಮೇಲೆ ತರಗತಿಗೊಂದು ಪ್ರತ್ಯೇಕ ಶೀಟ್ ಮಾಡಿ, ಆ ತರಗತಿಯ ಶಿಕ್ಷಕರ ಜಿಮೇಲ್ ವಿಳಾಸ ಹಾಕಿ ಅವರಿಗೆ ಮಾತ್ರ ತಿದ್ದುವ ಅವಕಾಶ ಕೊಡಿ. ಆಂಡ್ರಾಯ್ಡ್ ಫೋನ್ ಇರುವವರಿಗೆ ಸಾಮಾನ್ಯವಾಗಿ ಜಿಮೇಲ್ ಇದ್ದೇ ಇರುತ್ತದೆ.

ಅದಕ್ಕಿಂತ ಮೊದಲು ಆದೇಶವನ್ನು ಇನ್ನೊಮ್ಮೆ ಓದಿ. ಆಧಾರ್ ಕೇಳಿದ್ದಾರೆಯೇ?

ಭಾವ: ನೋಡುತ್ತೇನೆ. ಇಲ್ಲ. ಹೆಸರು, ಸ್ಯಾಟ್ಸ್ ಸಂಖ್ಯೆ, ತರಗತಿ, ಸೈಕಲ್ ಇದೆಯೇ ಇಲ್ಲವೇ. ಇಷ್ಟೇ.

ನಾನು: ನೋಡಿದಿರಾ? ಕೇಳದಿದ್ದರೂ ‘ಇರಲಿ, ಮುಂದೆ ಬೇಕಾಗುತ್ತದೆ’ ಎಂದು ನಾವೇ ಕಂಬ ಸೇರಿಸುತ್ತೇವೆ. ಆ ಕಂಬಗಳನ್ನು ಅಳಿಸಿಬಿಡಿ.

ಪುಟ್ಟ: ಆಧಾರ್ ಕಾಯ್ದೆಯ 29ನೇ ಕಲಂ ಪ್ರಕಾರ ಯಾರ ಆಧಾರ್ ಸಂಖ್ಯೆಯನ್ನೂ ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಪೋಷಕರ ಒಪ್ಪಿಗೆಯ ಮಾತು ಹೇಳುತ್ತದೆ. ಮಾವ, ನಾಳೆ ಯಾರಾದರೂ ಪೋಷಕರು ಪ್ರಶ್ನಿಸಿದರೆ ಶೀಟಿನ ಮಾಲೀಕರು ಎಂದು ಬರುವುದು ನಿಮ್ಮ ಹೆಸರೇ. ಕೇಳಿದ ಅಧಿಕಾರಿಯದ್ದಲ್ಲ.

ಅಕ್ಕ: ಇದನ್ನು ನಾನು ಯೋಚಿಸಿರಲಿಲ್ಲ. ನಮ್ಮ ಕ್ಲಸ್ಟರ್ ಶೀಟ್ ಯಾರ ಹೆಸರಿನಲ್ಲಿದೆ ಎಂದು ನಾಳೆಯೇ ಕೇಳುತ್ತೇನೆ. ಅದರಲ್ಲಿ ಹೋದ ವರ್ಷದ ಮಕ್ಕಳೂ ಇದ್ದಾರೆ.

ಭಾವ: ‘ನಿರ್ಬಂಧಿತ’ ಎಂದು ಮಾಡಿದೆ. ಆಧಾರ್, ಖಾತೆಯ ಕಂಬಗಳು ಹೋದವು. ಆದರೆ ಗಡುವಿನ ವಿಚಾರದಲ್ಲಿ ನನ್ನ ಮಾತು ನನ್ನದೇ. ಒಂದು ದಿನ ಕೂಡ ಕೊಡದೆ ಮಾಹಿತಿ ಕೇಳಿದರೆ ಶಿಕ್ಷಕರು ಅಡ್ಡದಾರಿಯನ್ನೇ ಹಿಡಿಯುತ್ತಾರೆ. ಶಿಕ್ಷಕರ ಸಂಘದ ಸಭೆಯಲ್ಲಿ ಈ ಎರಡನ್ನೂ ಒಟ್ಟಿಗೆ ಎತ್ತುತ್ತೇನೆ.

ನಾನು: ಎತ್ತಿ, ಭಾವ. ಖಂಡಿತ ಎತ್ತಬೇಕು. ಈಗ ಶಿಕ್ಷಕರ ಜಿಮೇಲ್ ವಿಳಾಸಗಳನ್ನು ನನಗೆ ಕಳಿಸಿ, ಊಟವಾದ ಮೇಲೆ ಕರೆ ಮಾಡುತ್ತೇನೆ. ತರಗತಿವಾರು ಹಾಳೆ ಮಾಡುವುದನ್ನು ಒಮ್ಮೆ ತೋರಿಸುತ್ತೇನೆ, ಮುಂದಿನ ಬಾರಿ ನೀವೇ ಮಾಡಬಹುದು.

ಅಕ್ಕ: ನಾನೂ ಕರೆಯಲ್ಲಿರುತ್ತೇನೆ. ಆ ‘ಟೆಕ್ಸ್ಟ್’ ಮಾಡುವುದನ್ನು ಮೊಬೈಲ್‌ನಲ್ಲಿಯೇ ತೋರಿಸು, ನಮ್ಮ ಶಾಲೆಯ ಕಂಪ್ಯೂಟರ್ ಕೆಟ್ಟು ನಿಂತಿದೆ.