ಅಪ್‌ಡೇಟ್: ತಮ್ಮನ ಸೊಂಟ ನೋವಿಗೆ ಕಾರಣ ಸಿಕ್ಕಿತು

ಕೋಲಾರದ ಟೊಮೆಟೊ ಮಂಡಿಯಲ್ಲಿ ದುಡಿಯುವ ನನ್ನ ತಮ್ಮನಿಗೆ 26 ವರ್ಷ, ಎರಡು ವರ್ಷದಿಂದ ಸೊಂಟ ನೋವು, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಏನು ಮಾಡಲಿ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ರುಮಟಾಲಜಿಸ್ಟ್‌ಗೆ (ಕೀಲು-ವಾತದ ಡಾಕ್ಟರ್) ತೋರಿಸಿ ಅಂದವರಿಗೆಲ್ಲ ಕೈ ಮುಗಿಯುತ್ತೇನೆ.

ಬೆಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಮೊದಲು ಕೇಳಿದ್ದು, "ಮಲಗಿದ್ರೆ ಕಡಿಮೆ ಆಗುತ್ತಾ, ಓಡಾಡಿದ್ರಾ?" ಓಡಾಡಿದರೇ! ಬೆಳಗ್ಗೆ ಗೋಡೆ ಹಿಡಿದು ಏಳುವವನು, ಹತ್ತು ಕ್ರೇಟ್ ಎತ್ತಿದ ಮೇಲೆ ಸಲೀಸಾಗಿ ನಡೆಯುತ್ತಿದ್ದ. ನಾವು ಸೋಮಾರಿ ಅಂತ ಬೈದಿದ್ದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಂಆರ್‌ಐನಲ್ಲಿ ಬೆನ್ನುಮೂಳೆ ಸೊಂಟಕ್ಕೆ ಸೇರುವ ಕೀಲಿನ ಉರಿಯೂತ ಕಾಣಿಸಿತು. ಕಾಯಿಲೆ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್, ಅಂದರೆ ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳಿಗೆ ಬರುವ ಉರಿಯೂತದ ವಾತ. ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಹಿಡಿಯಬಹುದಂತೆ. ಈ ಕಾಯಿಲೆಗೆ ನಂಟಿರುವ ಜೀನ್ ಇದೆಯಾ ಅಂತ ನೋಡುವ ರಕ್ತಪರೀಕ್ಷೆ, ಎಚ್‌ಎಲ್‌ಎ-ಬಿ27 ಕೂಡ ಪಾಸಿಟಿವ್. ಆದರೆ ಅದೊಂದನ್ನೇ ನಂಬಬೇಡಿ, ಪಾಸಿಟಿವ್ ಇದ್ದೂ ಈ ಕಾಯಿಲೆ ಬಾರದವರೇ ಜಾಸ್ತಿ.

ಸದ್ಯಕ್ಕೆ ಉರಿಯೂತ ಇಳಿಸುವ ಮಾತ್ರೆ, ದಿನಾ ವ್ಯಾಯಾಮ. ಬೀಡಿ ಪೂರ್ತಿ ಬಂದ್. ಇದು ಸಾಲದಿದ್ದರೆ ಬಯಾಲಾಜಿಕ್ ಇಂಜೆಕ್ಷನ್, ಅಂದರೆ ಉರಿಯೂತ ತರುವ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಡೆಯುವ ಔಷಧಿ. ಅದರಿಂದ ಒಳಗೆ ಅಡಗಿದ ಟಿಬಿ ಕೆರಳಬಹುದು, ಹಾಗಾಗಿ ಮುಂಚೆ ಟಿಬಿ ಪರೀಕ್ಷೆ. ಈ ಕಾಯಿಲೆಯಲ್ಲಿ ಕಣ್ಣಿನೊಳಗೂ ಉರಿಯೂತ ಬರಬಹುದು, ಹಾಗಾಗಿ ಕಣ್ಣು ಕೆಂಪಾಗಿ ನೋವು ಬಂದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಓಡಬೇಕು.

ನಿನ್ನೆ ಬೆಳಗ್ಗೆ ಅವನೇ ಬಗ್ಗಿ ಶೂ ಲೇಸ್ ಕಟ್ಟಿಕೊಂಡ. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.