"ಸ್ವಇಚ್ಛೆ ಅಂದ್ರೆ ಏನಮ್ಮ?" ತವರಿಗೆ ಸೈನ್ ಹಾಕುವ ಮುಂಚೆ ಒಂದು ಪ್ರಶ್ನೆ

ರೆಡಿಂಗ್ ತಿಪಟೂರಮ್ಮ:
ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಕೇಳಬೇಕಿತ್ತು. ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ಸೈನ್ ಹಾಕಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ) ಮಾಡಿಸಲು ಲಂಡನ್ನಿನಲ್ಲಿ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತಿದೆ? ಸಾಕ್ಷಿಗಳು ಜೊತೆಗೇ ಬರಬೇಕಾ? ಇನ್ನೊಂದು, ಮಗಳ ವಿಷಯ.

ಅಪ್ಪ ಹೋಗಿ ವರ್ಷವಾಯಿತು. ತಾತನ ಕಾಲದ ನಾಲ್ಕು ಎಕರೆ ತೆಂಗಿನ ತೋಟ ಇದೆ. ತಮ್ಮ ಪೌತಿ ಖಾತೆ ಮಾಡಿಸಬೇಕಂತೆ, ಅಂದರೆ ತೀರಿಕೊಂಡ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದು. ನಾನು ಹಕ್ಕು ಬಿಡುಗಡೆ ಮಾಡಬೇಕು, ಅದಕ್ಕೆ ಪವರ್ ಕಳಿಸು ಅಂತ ಕರಡು ಪತ್ರ ವಾಟ್ಸಾಪ್ ಮಾಡಿದ್ದಾನೆ. ನಾನೂ ಹಾಕುವುದು ಅಂತಲೇ ಇದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಪಾಲು ಕೇಳುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ.

ಪ್ರಿಂಟ್ ತೆಗೆದು ಅಡುಗೆಮನೆ ಟೇಬಲ್ ಮೇಲೆ ಇಟ್ಟಿದ್ದೆ. ಮಗಳಿಗೆ ಹದಿಮೂರು. ಭಾನುವಾರದ ಕನ್ನಡ ಕ್ಲಾಸಿಗೆ ಐದು ವರ್ಷದಿಂದ ಹೋಗುತ್ತಾಳೆ. ಕನ್ನಡ ಎಲ್ಲಿ ಕಂಡರೂ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾಳೆ. ಇದನ್ನೂ ಓದಿದಳು. "ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ". "ಸ್ವಇಚ್ಛೆ ಅಂದ್ರೆ ಏನಮ್ಮ?" ಅಂದಳು. ಹೇಳಿದೆ. "ಹಾಗಾದ್ರೆ ಮಾವ ಯಾಕೆ ಸ್ವಇಚ್ಛೆಯಿಂದ ನಿನಗೆ ಬರೆದುಕೊಡಲ್ಲ?"

ಪಕ್ಕದಲ್ಲಿ ಒಂಬತ್ತು ವರ್ಷದ ಮಗ ದೋಸೆ ತಿನ್ನುತ್ತಿದ್ದ. ಅವನನ್ನೊಮ್ಮೆ ನೋಡಿ ರೂಮಿಗೆ ಹೋದಳು. ಎರಡು ದಿನದಿಂದ ಮಾತು ಕಮ್ಮಿ. ಏನು ಹೇಳಲಿ ಇವಳಿಗೆ?

ಲೀಡ್ಸ್ ಡಾಕ್ಟರ್ ಮಾಮ:
ಮೊದಲು ಸಂತೋಷದ ಸಂಗತಿ. ಮಗು ಕಚೇರಿ ಕನ್ನಡ ಓದಿದಳಲ್ಲ! ನಾನು 1978ರಲ್ಲಿ ಬಂದಾಗ ಕನ್ನಡ ಕ್ಲಾಸ್ ಇರಲಿ, ಕೊತ್ತಂಬರಿ ಸೊಪ್ಪೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಕನ್ನಡವೇ ಮಾತಾಡಿ, ನಾನು ಯಾವಾಗಲೂ ಹೇಳುವುದು ಅದನ್ನೇ. ಇನ್ನು ತೋಟದ ವಿಷಯ. ನಿನಗೆ ಪೌಂಡಿನಲ್ಲಿ ಸಂಬಳ ಬರುತ್ತದಮ್ಮ. ತಮ್ಮನ ಹತ್ತಿರ ಕಾಯಿ ಲೆಕ್ಕ ಕೇಳುವುದು ಚೆನ್ನಾಗಿರಲ್ಲ. ಸಂಬಂಧ ದೊಡ್ಡದು.

ಸ್ಲೌ ಹುಡುಗ:
ಅಕ್ಕಾ, ನಿಮ್ಮದು ಬ್ರಿಟಿಷ್ ಪಾಸ್‌ಪೋರ್ಟ್ ಆಗಿದ್ದರೆ ಕೃಷಿ ಜಮೀನು ಇಟ್ಟುಕೊಳ್ಳುವ ಹಾಗೇ ಇಲ್ಲ. ಸುಮ್ನೆ ಸೈನ್ ಹಾಕಿಬಿಡಿ, ತಲೆನೋವು ತಪ್ಪುತ್ತೆ.

ಕ್ರಾಯ್ಡನ್ ಲಾಯರಮ್ಮ:
ತಪ್ಪು ಮಾಹಿತಿ ಹಾಕಬೇಡಿ. ಓಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಹಾಸನದಲ್ಲಿ ಒಂಬತ್ತು ವರ್ಷ ವಕೀಲಿ ಮಾಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು. ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಬಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ. 2004ರ ಡಿಸೆಂಬರ್ 20ಕ್ಕೂ ಮುಂಚೆ ರಿಜಿಸ್ಟರ್ ವಿಭಾಗ ಆಗಿದ್ದರೆ ಬೇರೆ ಮಾತು. ತೋಟ ಅಪ್ಪ ಸ್ವಂತ ದುಡಿದು ಮಾಡಿದ್ದಾಗಿ, ವಿಲ್ ಬರೆದಿದ್ದರೂ ಬೇರೆ ಮಾತು. ತಾತನದು ಅಂದಿರಿ, ಹಾಗಾಗಿ ತಮ್ಮನಷ್ಟೇ ಪಾಲು ನಿಮಗೂ ಇದೆ.

ಪವರ್ ಕೊಡುವುದೇ ಆದರೆ ಜನರಲ್ ಪವರ್ ಬೇಡವೇ ಬೇಡ. ಯಾವ ಸರ್ವೆ ನಂಬರ್, ಯಾವ ಕೆಲಸ, ಅಷ್ಟಕ್ಕೆ ಮಾತ್ರ ಕೊಡಿ. ಊರಿಗೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಪಹಣಿ, ವಂಶವೃಕ್ಷ, ಋಣಭಾರ ಪತ್ರ ಮೂರನ್ನೂ ತರಿಸಿ ನೋಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿದ್ದನ್ನು ಎಷ್ಟು ಸಲ ನೋಡಿದ್ದೇನೋ. ಬಿಡುಗಡೆ ಪತ್ರ ರಿಜಿಸ್ಟರ್ ಆದಮೇಲೆ ವಾಪಸ್ ತರುವುದು ಸುಲಭ ಅಲ್ಲ.

ಉಡುಪಿ ಮಾಣಿ, ಮಿಲ್ಟನ್ ಕೀನ್ಸ್:
ನಮ್ಮ ಕರಾವಳಿಯಲ್ಲಿ ಈ ರಗಳೆಯೇ ಇರಲಿಲ್ಲ ಮಾರಾಯ್ರೆ. ಅಳಿಯಸಂತಾನ. ಆಸ್ತಿ ಹೆಣ್ಣಿನ ಕಡೆಯಿಂದ ಬರುವುದು. ಘಟ್ಟದ ಮೇಲಿನವರು ಈಗ ಕಲಿಯುತ್ತಿದ್ದಾರೆ 😀

ಬ್ರಿಸ್ಟಲ್ ಅಕ್ಕ:
ಮಾಣಿ, ಬರುವುದು ಹೆಣ್ಣಿನ ಕಡೆಯಿಂದ ಸರಿ. ಯಜಮಾನಿಕೆ ಮಾಡುತ್ತಿದ್ದವರು ಹೆಚ್ಚಾಗಿ ಯಾರು? ಮಾವಂದಿರು. ನಿಮ್ಮ ಅಜ್ಜಿಯನ್ನೇ ಕೇಳಿ.

ಡಾಕ್ಟ್ರೇ, ಹಿರಿಯರು ನೀವು, ಆದರೂ ಇವತ್ತು ಬಿಡಲ್ಲ. ಸಂಬಂಧ ದೊಡ್ಡದು ಅನ್ನುವ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಯಾವತ್ತೂ ಅದನ್ನು ಗಂಡುಮಗನಿಗೆ ಹೇಳಿದ್ದು ಕೇಳಿಲ್ಲ. ಸಂಬಂಧ ಉಳಿಸಬೇಕಾದವಳು ಅವಳು, ತೋಟ ಉಳಿಸಿಕೊಳ್ಳುವವನು ಅವನು! ಅವಳಿಗೆ ಪೌಂಡ್ ಬರುತ್ತೆ ಅಂದಿರಿ. ಗಂಡುಮಗ ಲಂಡನ್ನಿನಲ್ಲಿದ್ದು ಊರಲ್ಲಿ ತಂಗಿ ಇದ್ದಿದ್ದರೆ, ನಿನಗೆ ಪೌಂಡ್ ಬರುತ್ತಪ್ಪ, ಎಲ್ಲ ತಂಗಿಗೆ ಬಿಡು ಅನ್ನುತ್ತಿದ್ದಿರಾ? ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ, ತವರಿನ ಬಾಗಿಲು ಮುಚ್ಚುತ್ತೆ ಅಂತ ಹೆದರಿಸುತ್ತಾರೆ. ಒಂದು ಮೊರದ ಬಾಗಿನಕ್ಕೆ ಎರಡು ಎಕರೆ. ನಾನು 2009ರಲ್ಲಿ ಸೈನ್ ಹಾಕಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಪ್ಪಿಗೆ ಇದೆಯಾ ಅಂತ ಕೇಳಿದರು. ನನಗಿಂತ ಮುಂಚೆ ಅಣ್ಣ "ಇದೆ ಇದೆ" ಅಂದ.

ಈ ಗುಂಪಿನ ಗಂಡಸರು ಹೇಳಿ ನೋಡೋಣ, ಯಾರ ಯಾರ ಅಕ್ಕತಂಗಿಯರು ಸೈನ್ ಹಾಕಿದ್ದಾರೆ? ಹೆಂಗಸರೂ ಹೇಳಿ, ನಿಮ್ಮ ನಾದಿನಿ ಸೈನ್ ಹಾಕುವಾಗ ನೀವೆಲ್ಲಿದ್ದಿರಿ? ನಾನೇ ಮೊದಲು ಹೇಳುತ್ತೇನೆ. ಬಂದವರಿಗೆ ಕಾಫಿ ಮಾಡುತ್ತಿದ್ದೆ.

ಸ್ವಿಂಡನ್ ಗೌಡ್ರು:
ಮೇಡಂ, ಕೋಪ ಜಾಸ್ತಿ ಆಯ್ತು. ಊರಲ್ಲಿ ಅಮ್ಮನನ್ನು ನೋಡಿಕೊಳ್ಳುವವನು ತಮ್ಮ. ಬೋರ್‌ವೆಲ್ ಕೆಟ್ಟರೆ ರಾತ್ರಿ ಹೋಗುವವನು ತಮ್ಮ. ಕಾಯಿ ರೇಟ್ ಬಿದ್ದ ವರ್ಷ ಸಾಲ ಮಾಡಿದವನೂ ಅವನೇ. ಅದಕ್ಕೆ ಬೆಲೆ ಇಲ್ವಾ? ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬ್ರಿಸ್ಟಲ್ ಅಕ್ಕ:
ಬೆಲೆ ಇದೆ. ಲೆಕ್ಕ ಹಾಕಿ ಕೊಡಲಿ, ಅವಳೂ ಪಾಲಿನಲ್ಲಿ ಬಿಟ್ಟುಕೊಡುತ್ತಾಳೆ. ಅಮ್ಮನನ್ನು ನೋಡಿಕೊಳ್ಳುವವನು ತಮ್ಮ ಅಂದಿರಿ. ಸ್ನಾನ ಮಾಡಿಸುವವರು ಯಾರು? ಅವನ ಹೆಂಡತಿ. ತೋಟದಲ್ಲಿ ಅವಳ ಹೆಸರಿದೆಯಾ? ಅವಳ ತವರಲ್ಲಿ ಅವಳೂ ಸೈನ್ ಹಾಕಿ ಬಂದಿರುತ್ತಾಳೆ.

ಸ್ವಿಂಡನ್ ಗೌಡ್ರು:
ನಾನು ನನ್ನ ತಂಗಿ ಮದುವೆಗೆ ಹನ್ನೆರಡು ಲಕ್ಷ ಖರ್ಚು ಮಾಡಿದ್ದೇನೆ, ಗೊತ್ತಿರಲಿ.

ಬ್ರಿಸ್ಟಲ್ ಅಕ್ಕ:
ನಿಮ್ಮ ಮದುವೆ ಖರ್ಚನ್ನು ನಿಮ್ಮ ಪಾಲಿನಲ್ಲಿ ಮುರಿದುಕೊಂಡರಾ?

ಲೀಡ್ಸ್ ಡಾಕ್ಟರ್ ಮಾಮ:
ಮಗು ಕೇಳಿದ್ದು ಒಂದು, ಚರ್ಚೆ ಆಗುತ್ತಿರುವುದು ಇನ್ನೊಂದು. ನನಗೂ ಇಬ್ಬರು ಅಕ್ಕಂದಿರು. ಇಬ್ಬರೂ ಖುಷಿಯಿಂದಲೇ ಬಿಟ್ಟುಕೊಟ್ಟರು. ದೊಡ್ಡವಳು ಕೊನೆಗಾಲದಲ್ಲಿ ಬಾಡಿಗೆ ಮನೆಯಲ್ಲಿದ್ದಳು. ನಾನು ಪ್ರತಿ ತಿಂಗಳು ದುಡ್ಡು ಕಳಿಸುತ್ತಿದ್ದೆ. ತಪ್ಪದೆ ಕಳಿಸುತ್ತಿದ್ದೆ.

ಹ್ಯಾರೋ ಹೊಸಬಳು:
ನಾನು ಬಂದು ಎಂಟು ತಿಂಗಳು ಅಷ್ಟೇ, ತಪ್ಪಿದ್ದರೆ ಕ್ಷಮಿಸಿ. ತಿಪಟೂರಮ್ಮ, ಮಗಳಿಗೆ ನಿಜ ಹೇಳಿ ಸಾಕು. ನನಗೂ ಗೊತ್ತಿಲ್ಲ, ಯೋಚನೆ ಮಾಡುತ್ತಿದ್ದೇನೆ ಅಂತ ಹೇಳಿ. ನಮ್ಮಮ್ಮ ಹಾಗೆ ಹೇಳಿದ್ದರೂ ನನಗೆ ಸಮಾಧಾನ ಆಗುತ್ತಿತ್ತು.

ರೆಡಿಂಗ್ ತಿಪಟೂರಮ್ಮ:
ಎಲ್ಲ ಓದಿದೆ. ಲಾಯರಮ್ಮ, ವಂಶವೃಕ್ಷ ತರಿಸಿದೆ. ನನ್ನ ಹೆಸರಿದೆ. ಇರುವುದಕ್ಕೇ ನನ್ನ ಸೈನ್ ಬೇಕಾಗಿರುವುದು, ಅಲ್ವಾ.

ಬ್ರಿಸ್ಟಲ್ ಅಕ್ಕ, ನಿಮ್ಮ ಪ್ರಶ್ನೆಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನ್ನ ನಾದಿನಿ 2016ರಲ್ಲಿ ಸೈನ್ ಹಾಕಿದಳು. ತುಮಕೂರಿನ ಸೈಟು. ಅದನ್ನು ಮಾರಿ ಬಂದ ದುಡ್ಡೇ ಈ ರೆಡಿಂಗ್ ಮನೆಯ ಡೆಪಾಸಿಟ್. ಮಗಳು ಬಾಗಿಲು ಹಾಕಿಕೊಂಡು ಕೂತಿದ್ದಾಳಲ್ಲ, ಆ ರೂಮು ಅದೇ ದುಡ್ಡಿನದು. ಅವತ್ತು ನಾದಿನಿಗೆ ಕೊಡಲು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಆರಿಸಿದವಳು ನಾನೇ. ಹಸಿರು ಸೀರೆ, ಮೆರೂನ್ ಅಂಚು. ಒಳ್ಳೆಯದನ್ನೇ ಕೊಡಿಸಿದೆ ಅಂತ ಜಂಬ ಬೇರೆ.

ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಅದು ಇದು ಮಾತಾಡಿ, ಆ ಸೀರೆ ಉಡ್ತೀಯಾ ಅಂತ ಕೇಳಿದೆ. "ಇಲ್ಲ ಅತ್ತಿಗೆ, ಬೀರುವಿನಲ್ಲಿದೆ. ಕುಚ್ಚೂ ಕಟ್ಟಿಸಿಲ್ಲ" ಅಂದಳು. ಒಂಬತ್ತು ವರ್ಷ ಆಯ್ತಲ್ಲ ಅಂದೆ. "ಹೂಂ" ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ.

ತಮ್ಮನಿಗೆ ಈಗಲೇ ಸೈನ್ ಹಾಕಲ್ಲ, ಊರಿಗೆ ಬಂದು ಕೂತು ಮಾತಾಡೋಣ ಅಂತ ಬರೆದಿದ್ದೇನೆ. ನೀಲಿ ಟಿಕ್ ಬಂದಿದೆ. ಯಜಮಾನರ ಹತ್ತಿರ ಸೈಟಿನ ಮಾತು ಇನ್ನೂ ತೆಗೆದಿಲ್ಲ. ಅದು ಜಾಸ್ತಿ ಕಷ್ಟ.

ಬ್ರಿಸ್ಟಲ್ ಅಕ್ಕ:
ತೆಗೆಯುವ ದಿನ ಹೇಳಿ. ರೈಲಿನಲ್ಲಿ ಒಂದೂಕಾಲು ಗಂಟೆ. ಬಂದು ಅಡುಗೆಮನೆಯಲ್ಲಿ ಕೂತಿರುತ್ತೇನೆ, ಮಾತಾಡಲ್ಲ.

ಸ್ವಿಂಡನ್ ಗೌಡ್ರು:
ಒಂದು ಸಂಸಾರ ಮುರಿಯಿತು ಅಂದುಕೊಳ್ಳಿ.

ಕೊವೆಂಟ್ರಿ ಮೈಸೂರಿಗ:
ನಮಸ್ಕಾರ. ಅಮ್ಮನ ಪಿಂಚಣಿ ಕೆಲಸಕ್ಕೆ ನನಗೂ ಪವರ್ ಆಫ್ ಅಟಾರ್ನಿ ಮಾಡಿಸಬೇಕು. ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತಿದೆ, ಸಾಕ್ಷಿಗಳು ಜೊತೆಗೇ ಬರಬೇಕಾ? ಮೇಲಿಂದ ಕೆಳಗೆ ಎರಡು ಸಲ ಓದಿದೆ, ಸಿಗಲಿಲ್ಲ.